ಹೂಮಳೆ ಕೈಕೊಟ್ಟ ವಾರ: ದೊಡ್ಡ ತೋಟ ಅಕ್ಕಪಕ್ಕದ ಸಣ್ಣ ಬೆಳೆಗಾರರಿಗೆ ಏನು ಮಾಡಬಹುದು?

ಪ್ರಶ್ನೆ: ನಮ್ಮದು ಕೊಡಗಿನ ಸುಂಟಿಕೊಪ್ಪ ಕಡೆ 140 ಎಕರೆ ಕಾಫಿ ತೋಟ. ಹೆಚ್ಚಿನದು ರೋಬಸ್ಟಾ, ಸ್ವಲ್ಪ ಅರೇಬಿಕಾ. ಸುತ್ತ 17 ಮಂದಿ ಸಣ್ಣ ಬೆಳೆಗಾರರಿದ್ದಾರೆ. ಒಬ್ಬೊಬ್ಬರಿಗೆ ಒಂದರಿಂದ ನಾಲ್ಕು ಎಕರೆ; ಒಟ್ಟು 40 ಎಕರೆ, ಅದರಲ್ಲಿ 34 ಎಕರೆ ರೋಬಸ್ಟಾ. ಮೊದಲೆಲ್ಲ ಹೂಮಳೆ (ಕಾಫಿಯ ಮೊಗ್ಗು ಅರಳಿಸುವ ಮಳೆ) ತಪ್ಪಿದರೆ ಒಬ್ಬಿಬ್ಬರು ಬಂದು ಎಂಜಿನ್, ಪೈಪ್ ಕೇಳುತ್ತಿದ್ದರು, ಕೊಡುತ್ತಿದ್ದೆವು. ಈಗ ಎಲ್ಲರಿಗೂ ಒಂದೇ ವಾರ ಬೇಕು, ನಮಗೂ ಅದೇ ವಾರ ಬೇಕು. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಕಣಕ್ಕೂ ಇದೇ ಪಾಡು. ಸಹಾಯ ಮಾಡುವ ಮನಸ್ಸಿದೆ. ಜಗಳವಿಲ್ಲದೆ, ನಿಜಕ್ಕೂ ಉಪಯೋಗವಾಗುವಂತೆ ಹೇಗೆ ಮಾಡುವುದು?

ಉತ್ತರ: ಎಲ್ಲರಿಗೂ ಒಂದೇ ವಾರ ಬೇಕು ಎಂದಿರಲ್ಲ, ತೊಡಕಿರುವುದು ಅಲ್ಲೇ. ಕಾಫಿ ಬೆಳೆಗಾರನ ಮಟ್ಟಿಗೆ ಹವಾಮಾನ ಕೆಟ್ಟಿದೆ ಎಂದರೆ ವರ್ಷದ ಒಟ್ಟು ಮಳೆ ಕಡಿಮೆಯಾಗಿದೆ ಎಂದೇ ಅರ್ಥವಾಗಬೇಕಿಲ್ಲ. ಬೇಕಾದ ಹತ್ತು ದಿನ ಬರಲಿಲ್ಲ, ಬೇಡದ ಹತ್ತು ದಿನ ಬಂತು, ಅಷ್ಟೇ ಸಾಕು ಬೆಳೆ ಹೋಗಲು. ಆ ಹತ್ತು ದಿನ ದಾಟಲು ನಿಮ್ಮಲ್ಲಿ ಕೆರೆ, ಎಂಜಿನ್, ಸಿಮೆಂಟ್ ಕಣ, ಆಳು ಇವೆ. ಎರಡು ಎಕರೆಯವರ ಹತ್ತಿರ ಇಲ್ಲ. ಹಾಗಾಗಿ ಗೊಬ್ಬರ ಹಂಚುವುದು, ಸಾಲ ಕೊಡುವುದು ಇವೆಲ್ಲ ಆಮೇಲಿನ ಮಾತು. ಮೊದಲು ಬೇಕಾದ್ದು ಸರಿಯಾದ ದಿನಕ್ಕೆ ನೀರು, ಸರಿಯಾದ ದಿನಕ್ಕೆ ಕಣ. ಯಾರಿಗೆ ಯಾವಾಗ ಎಷ್ಟು ಎನ್ನುವುದು ನವೆಂಬರ್ ತಿಂಗಳಲ್ಲೇ ಕಾಗದದ ಮೇಲೆ ಬಂದಿರಬೇಕು. ಫೆಬ್ರವರಿಯಲ್ಲಿ ಗೇಟಿನ ಹತ್ತಿರ ನಿಂತವರಿಗೆ ನಿಂತ ಕ್ರಮದಲ್ಲಿ ಕೊಡುತ್ತಾ ಹೋದರೆ, ನೀರು ಮುಟ್ಟುವ ಹೊತ್ತಿಗೆ ಅರ್ಧ ಜನರ ಮೊಗ್ಗು ಒಣಗಿರುತ್ತದೆ.

ನೀರಿನ ಲೆಕ್ಕವನ್ನು ಮೊದಲು ಬಿಡಿಸಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಕಡೆ ಒಳ್ಳೆಯ ಮನಸ್ಸು ಸೋಲುವುದು ಈ ಲೆಕ್ಕದಲ್ಲಿ. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ 1 ಲಕ್ಷ 3 ಸಾವಿರ ಲೀಟರ್. ರೋಬಸ್ಟಾ ಹೂವಿಗೆ ಒಂದೂವರೆ ಇಂಚು ಬೇಕು: 1 ಲಕ್ಷ 54 ಸಾವಿರ ಲೀಟರ್. ಹೂವಾದ ಮೇಲೆ, ಮೊದಲ ನೀರಿನಿಂದ ಹದಿನೆಂಟು ಇಪ್ಪತ್ತು ದಿನಕ್ಕೆ ಬ್ಯಾಕಿಂಗ್ ಎಂದು ಒಂದು ಇಂಚು. ಎರಡೂ ಸೇರಿ ಎಕರೆಗೆ ಸುಮಾರು 2 ಲಕ್ಷ 57 ಸಾವಿರ ಲೀಟರ್. ನಿಮ್ಮ ಅಕ್ಕಪಕ್ಕದ 34 ಎಕರೆಗೆ ಎರಡೂ ಕೊಡಬೇಕಾದರೆ 87 ಲಕ್ಷ ಲೀಟರ್ ಆಯಿತು.

ಈಗ ಒಂದು ಹೊಂಡ ಎಷ್ಟು ನೀರು ಹಿಡಿಯುತ್ತದೆ ನೋಡಿ. ಮೇಲೆ 100 ಅಡಿಗೆ 100 ಅಡಿ, ಆಳ 10 ಅಡಿ, ದಡ ಒಂದಕ್ಕೆ ಒಂದೂವರೆ ಇಳಿಜಾರು ಎಂದಿಟ್ಟುಕೊಳ್ಳಿ. ತಳ 70ಕ್ಕೆ 70 ಅಡಿ ಉಳಿಯುತ್ತದೆ. ತುಂಬಿದಾಗ 73 ಸಾವಿರ ಘನ ಅಡಿ, ಅಂದರೆ ಸುಮಾರು 20 ಲಕ್ಷ 70 ಸಾವಿರ ಲೀಟರ್. ನವೆಂಬರ್‌ನಿಂದ ಫೆಬ್ರವರಿವರೆಗೆ ದಿನಕ್ಕೆ 4 ಮಿಲಿಮೀಟರಿನಂತೆ ಆರಿದರೂ ನೂರು ದಿನಕ್ಕೆ ಒಂದೂಕಾಲು ಅಡಿ ಹೋಯಿತು. ಮೂರೂವರೆ ಲಕ್ಷ ಲೀಟರಿನ ಮೇಲೆ. ತಳದ ಒಂದು ಅಡಿ ಕೆಸರು ನೀರನ್ನು ಎಂಜಿನ್‌ಗೆ ಕೊಡಬಾರದು. ಕೈಗೆ ಉಳಿಯುವುದು ಹದಿನೈದೂವರೆ ಲಕ್ಷ. ತಳಕ್ಕೆ ಹಾಳೆ ಹಾಕಿಲ್ಲದಿದ್ದರೆ ಜಿನುಗುವುದು ಬೇರೆ. ಅಷ್ಟು ನೀರಿನಲ್ಲಿ ಹೂವಿಗೆ ಮಾತ್ರ ಎಂದರೆ ಹತ್ತು ಎಕರೆ, ಬ್ಯಾಕಿಂಗ್ ಸೇರಿಸಿದರೆ ಆರು ಎಕರೆ.

ಇಲ್ಲಿ ಎಲ್ಲರೂ ಹತ್ತು ಎಕರೆಯನ್ನೇ ಆರಿಸಿಕೊಳ್ಳುತ್ತಾರೆ. ಹೆಚ್ಚು ಜನಕ್ಕೆ ಕೊಟ್ಟ ಹಾಗಾಯಿತಲ್ಲ ಎಂಬ ಸಮಾಧಾನ. ಆದರೆ ಹೂ ಬಿಡಿಸಿ ಬ್ಯಾಕಿಂಗ್ ಕೊಡದಿದ್ದರೆ, ಮೇಲಿನಿಂದ ಮಳೆಯೂ ಬಾರದಿದ್ದರೆ, ಮಿಡಿ ಕಪ್ಪಾಗಿ ಉದುರುತ್ತದೆ. ಗಿಡ ಹೂವಿಗೆ ಖರ್ಚು ಮಾಡಿದ ಶಕ್ತಿಯೂ ಹೋಯಿತು, ಎಕರೆಗೆ ಹತ್ತು ಲೀಟರ್ ಡೀಸೆಲ್ಲೂ ಹೋಯಿತು. ಬ್ಯಾಕಿಂಗ್ ಕೊಡಲಾಗದಷ್ಟು ಎಕರೆಗೆ ಹೂವಿನ ನೀರು ಕೊಡಬೇಡಿ. ಎಷ್ಟೇ ಒತ್ತಾಯ ಬಂದರೂ ಈ ಒಂದು ಮಾತಿನಲ್ಲಿ ಸಡಿಲ ಬಿಡಬೇಡಿ. ಒಂದು ವೇಳೆ ಮಾರ್ಚ್ ಮಧ್ಯದಲ್ಲಿ ಒಳ್ಳೆಯ ಮಳೆ ಬಂದು ಬ್ಯಾಕಿಂಗ್ ನೀರು ಉಳಿದರೆ, ಅದು ತಡವಾಗಿ ಹೂವಿಗೆ ಬರುವ ತಂಪು ಕೊಲ್ಲಿಯ (ಗುಡ್ಡಗಳ ನಡುವಿನ ತಗ್ಗಿನ) ತೋಟಗಳಿಗೆ ಆಗುತ್ತದೆ.

ಹಾಗಾದರೆ ಅವರವರ ತೋಟದಲ್ಲೇ ಹೊಂಡ ತೆಗೆಸಬಾರದೇ ಎಂದು ಕೇಳಬಹುದು. ಒಂದು ಎಕರೆ ಎಂದರೆ 43,560 ಚದರಡಿ. ಮೇಲೆ ಹೇಳಿದ ಹೊಂಡಕ್ಕೆ ಬದು, ಓಡಾಟದ ಜಾಗ ಸೇರಿ ಅದರ ಕಾಲು ಭಾಗಕ್ಕಿಂತ ಹೆಚ್ಚು ಬೇಕು. ಎರಡು ಎಕರೆಯವನು ನೂರಕ್ಕೂ ಹೆಚ್ಚು ಕಾಫಿ ಗಿಡ, ಅವುಗಳ ನೆರಳಿನ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಕಡಿದು ಹೊಂಡ ತೆಗೆಸಲಾರ. ನಿಮ್ಮಲ್ಲಿ ಕೊಲ್ಲಿಯ ತಗ್ಗಿನಲ್ಲಿ ಪಾಳುಬಿದ್ದ ಗದ್ದೆ ಒಂದೆರಡು ಇರುತ್ತದೆ. ನೆರೆಯವರ ಪಾಲಿನ ನೀರು ನಿಲ್ಲಬೇಕಾದದ್ದು ಅಲ್ಲಿ. ದೊಡ್ಡ ಹಿಡುವಳಿಯಿಂದಲೇ ಆಗಬೇಕಾದ, ಬೇರೆ ಯಾರಿಂದಲೂ ಆಗದ ಕೆಲಸ ಇದು.

ಜಾಗ ಆರಿಸುವಾಗ ಒಂದೇ ಒಂದು ಕಟ್ಟುನಿಟ್ಟು: ಗುಡ್ಡದ ಇಳಿಜಾರಿನಲ್ಲಿ ಅಥವಾ ಯಾರದೇ ಮನೆಯ ಮೇಲ್ಭಾಗದಲ್ಲಿ ಹೊಂಡ ಬೇಡ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ, 2019ರ ಆಗಸ್ಟ್‌ನಲ್ಲಿ ತೋರದಲ್ಲಿ ಗುಡ್ಡ ಜಾರಿದ್ದನ್ನು ಕೊಡಗಿನವರಿಗೆ ನೆನಪಿಸಬೇಕಿಲ್ಲ. ಇಳಿಜಾರಿನಲ್ಲಿ ಮಣ್ಣು ಕಡಿದು ನೀರು ನಿಲ್ಲಿಸಿದರೆ ಭಾರವೂ ಏರುತ್ತದೆ, ಒಳಕ್ಕೆ ಇಳಿದ ನೀರು ಮಣ್ಣಿನ ಹಿಡಿತವನ್ನೂ ಬಿಡಿಸುತ್ತದೆ. ತಗ್ಗಿನ ಗದ್ದೆಯಲ್ಲಿ ಆ ಅಪಾಯವಿಲ್ಲ, ಒರತೆಯೂ ಸಿಗಬಹುದು. ನೀರು ಒಳಬರುವ ಕಡೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಆಳದ ಹೂಳು ಗುಂಡಿ ಇರಲಿ, ಮಳೆಗಾಲದಲ್ಲಿ ಎರಡು ಮೂರು ಸಲ ಬಗೆಸಿ. ಕೋಡಿಗೆ ಕಲ್ಲು ಹಾಸಿ. ಮಕ್ಕಳು ಇಳಿಯದಂತೆ ಬೇಲಿ ಹಾಕಿ, ದಡದಲ್ಲಿ ಹಗ್ಗ ಮತ್ತು ಗಾಳಿ ತುಂಬಿದ ಟ್ಯೂಬ್ ಕಟ್ಟಿಡಿ. ಪ್ಲಾಸ್ಟಿಕ್ ಹಾಳೆ ಹಾಸುವುದಾದರೆ ಒಂದು ಬದಿಯನ್ನು ಒಂದಕ್ಕೆ ನಾಲ್ಕರಂತೆ ಚಾಚಿ, ಮೇಲೆ ಕಲ್ಲುಮಣ್ಣು ಹಾಕಿ ಒರಟಾಗಿ ಬಿಡಿ. ಆನೆ ಬರುವ ಊರು ನಿಮ್ಮದು. ಜಾರುವ ಹಾಳೆಯ ಹೊಂಡಕ್ಕೆ ಇಳಿದ ಆನೆಗೆ ಹತ್ತಿ ಬರಲು ದಾರಿ ಇರುವುದಿಲ್ಲ. ಹಳ್ಳ ಹೊಳೆಯ ನೀರು ತುಂಬಿಸುವುದಾದರೆ ಜುಲೈಯಿಂದ ಸೆಪ್ಟೆಂಬರ್ ಒಳಗೆ ತುಂಬಿಸಿ ಮುಗಿಸಿ. ಫೆಬ್ರವರಿಯಲ್ಲಿ ಹರಿಯುವ ನೀರು ಕೆಳಗಿನವರ ಕುಡಿಯುವ ನೀರು. ಬರದ ವರ್ಷಗಳಲ್ಲಿ ಜಿಲ್ಲಾಡಳಿತ ಹೊಳೆಗೆ ಎಂಜಿನ್ ಇಡುವುದನ್ನೇ ತಡೆಯುವುದುಂಟು, ಆಗ ಹೊಳೆಯನ್ನು ನಂಬಿದ ಇಡೀ ಯೋಜನೆ ನಿಂತುಹೋಗುತ್ತದೆ. ನೀರಿನ ಹೊಂಡ, ತುಂತುರು ನೀರಾವರಿ ಸಾಮಾನುಗಳಿಗೆ ಸಹಾಯಧನವಿದೆಯೇ ಎಂದು ಕಾಫಿ ಮಂಡಳಿಯ ವಿಸ್ತರಣಾ ಕಚೇರಿಯಲ್ಲಿ ವಿಚಾರಿಸುವುದಾದರೆ ಜೆಸಿಬಿ ತರಿಸುವ ಮೊದಲೇ ವಿಚಾರಿಸಿ.

ಇನ್ನು ಎಂಜಿನ್. ನಿಮ್ಮ ದೊಡ್ಡ ಸೆಟ್ಟನ್ನು ನಿಮ್ಮ ತೋಟ ಮುಗಿದ ಮೇಲೆ ನೆರೆಯವರಿಗೆ ಕೊಡುತ್ತೇನೆ ಎಂದರೆ ಕೊಡದಿದ್ದಂತೆಯೇ. ನಿಮ್ಮ ನೂರು ಎಕರೆ ಮುಗಿಯುವಾಗ ಅವರ ಕಾಲ ಮೀರಿರುತ್ತದೆ. ಅವರಿಗೆಂದೇ ಒಂದು 10 ಎಚ್‌ಪಿ ಡೀಸೆಲ್ ಸೆಟ್, ಚಕ್ರದ ಗಾಡಿಯ ಮೇಲೆ ಕೂರಿಸಿದ್ದು, ಬೇರೆ ಇಡಿ. ಒಟ್ಟು 50 ಮೀಟರ್ ಹೆಡ್ (ನೀರು ಏರಬೇಕಾದ ಎತ್ತರ, ಪೈಪಿನ ತಡೆ, ಜೆಟ್‌ಗೆ ಬೇಕಾದ ಒತ್ತಡ ಎಲ್ಲ ಸೇರಿ) ಇದ್ದಾಗ ಅದು ಗಂಟೆಗೆ ಸುಮಾರು 30 ಸಾವಿರ ಲೀಟರ್ ಎತ್ತುತ್ತದೆ, ಎರಡು ಲೀಟರ್ ಚಿಲ್ಲರೆ ಡೀಸೆಲ್ ಕುಡಿಯುತ್ತದೆ. ನಿಮಿಷಕ್ಕೆ 30 ಲೀಟರ್ ಬಿಡುವ ಜೆಟ್ (ತಿರುಗುತ್ತಾ ತುಂತುರು ಸಿಡಿಸುವ ಮೂತಿ) ಆದರೆ 16 ಜೆಟ್ ಒಟ್ಟಿಗೆ ತಿರುಗುತ್ತವೆ. ನಲವತ್ತು ಅಡಿಗೊಂದರಂತೆ ನಿಲ್ಲಿಸಿದರೆ ಒಂದು ಸಲಕ್ಕೆ ಅರ್ಧ ಎಕರೆ ದಾಟಿ ನೆನೆಯುತ್ತದೆ, ಗಂಟೆಗೆ 12 ಮಿಲಿಮೀಟರ್ ಬೀಳುತ್ತದೆ, ಒಂದೂವರೆ ಇಂಚಿಗೆ ಮೂರು ಗಂಟೆ ಹತ್ತು ನಿಮಿಷ ಬೇಕು. ಎಕರೆಗೆ ಐದು ಗಂಟೆಯ ಮೇಲಾಯಿತು. ಪೈಪ್ ಬದಲಿಸುವ ಹೊತ್ತನ್ನೂ ಸೇರಿಸಿ ಬೆಳಗಿನ ಜಾವ ಶುರು ಮಾಡಿದರೆ ದಿನಕ್ಕೆ ಎರಡು ಎಕರೆ.

ಎರಡು ಎಕರೆಯಂತೆ 34 ಎಕರೆಗೆ 17 ದಿನ. ಫೆಬ್ರವರಿ 15ಕ್ಕೆ ಹಚ್ಚಿದರೆ ಮಾರ್ಚ್ 3ಕ್ಕೆ ಒಂದು ಸುತ್ತು ಮುಗಿಯುತ್ತದೆ. ಮೊದಲ ದಿನ ನೀರು ಹಾಕಿದವರಿಗೆ ಬ್ಯಾಕಿಂಗ್ ಬೇಕಾಗುವುದು ಮಾರ್ಚ್ 7ರ ಹೊತ್ತಿಗೆ. ನಡುವೆ ಮೂರು ದಿನ ಎಂಜಿನ್‌ಗೆ ಎಣ್ಣೆ ಬದಲಿಸಲು, ವಾಷರ್ ಹೋದ ಜೋಡಣೆ ಸರಿ ಮಾಡಲು ಸಿಗುತ್ತದೆ. ಬ್ಯಾಕಿಂಗ್ ಒಂದೇ ಇಂಚು, ದಿನಕ್ಕೆ ಮೂರು ಎಕರೆ ಓಡುತ್ತದೆ, ಹನ್ನೆರಡು ದಿನದಲ್ಲಿ ಮುಗಿಯುತ್ತದೆ. ಎರಡನೇ ಸುತ್ತು ಮೊದಲನೆಯದಕ್ಕಿಂತ ಬೇಗ ಓಡುವುದರಿಂದ ಕೊನೆಯವರಿಗೆ ಹದಿನೈದು ದಿನಕ್ಕೇ ಸರದಿ ಬರುತ್ತದೆ. ಆಗ ಎರಡು ಮೂರು ದಿನ ತಡೆದು ಹಾಕಿದರಾಯಿತು. ಒಂದು ಸಣ್ಣ ಸೆಟ್ 17 ಮನೆಯವರನ್ನು ನಿಭಾಯಿಸುತ್ತದೆ, ಆದರೆ ಒಂದು ದಿನ ಕೆಟ್ಟು ನಿಂತರೂ ಸರದಿ ಪೂರ್ತಿ ಜಾರುತ್ತದೆ. ಹಾಗಾಗಿ ಫುಟ್‌ವಾಲ್ವ್, ಗ್ಲ್ಯಾಂಡ್ ಹಗ್ಗ, ಡೀಸೆಲ್ ಫಿಲ್ಟರ್, ಹತ್ತಿಪ್ಪತ್ತು ರಬ್ಬರ್ ವಾಷರ್, ನಾಲ್ಕು ಜೆಟ್ ಇವು ಜನವರಿಯಲ್ಲೇ ನಿಮ್ಮ ಸ್ಟೋರಿನಲ್ಲಿ ಇರಬೇಕು. 34 ಎಕರೆಗೂ ನೀರು ಸಾಲದು ಎನ್ನುವುದನ್ನು ಮರೆಯಬೇಡಿ. ಒಂದೇ ಹೊಂಡವಿದ್ದರೆ ಮೊದಲ ವರ್ಷ ಆರೇ ಎಕರೆ. ಅದನ್ನು ಆರು ಮನೆಗೆ ಒಂದೊಂದು ಎಕರೆಯಂತೆ ಕೊಡಿ.

ಜೆಟ್‌ನಿಂದ ನಿಜಕ್ಕೂ ಎಷ್ಟು ಬೀಳುತ್ತಿದೆ ಎಂದು ಪುಸ್ತಕ ನೋಡಿ ನಂಬಬೇಡಿ. ನೇರ ಗೋಡೆಯ ಹತ್ತು ಡಬ್ಬಗಳನ್ನು ಜೆಟ್‌ಗಳ ನಡುವೆ, ಗಿಡದ ಎಲೆ ಅಡ್ಡ ಬಾರದ ಕಡೆ ಇಟ್ಟು ಒಂದು ಗಂಟೆ ಬಿಡಿ. ಶಾಲೆಯ ಸ್ಕೇಲ್ ಅದ್ದಿ ಅಳೆಯಿರಿ. ಸರಾಸರಿ 12 ಮಿಲಿಮೀಟರ್ ಬರಬೇಕಾದ ಕಡೆ 8 ಬಂದಿದ್ದರೆ ಎಲ್ಲೋ ಜೋಡಣೆ ಸೋರುತ್ತಿದೆ, ಇಲ್ಲವೇ ಎತ್ತರದ ತೋಟಕ್ಕೆ ಒತ್ತಡ ಸಾಲುತ್ತಿಲ್ಲ. ಜೆಟ್ ಕಡಿಮೆ ಮಾಡಿ. ಒಂದು ಡಬ್ಬದಲ್ಲಿ 18, ಪಕ್ಕದ್ದರಲ್ಲಿ 4 ಇದ್ದರೆ ಗಾಳಿಯ ಕೆಲಸ. ಹಗಲು ಹನ್ನೊಂದರ ಮೇಲೆ ನಿಲ್ಲಿಸಿ ರಾತ್ರಿ ಓಡಿಸಿ. ಜೆಟ್ ನಿಲ್ಲಿಸುವ ಪೈಪ್ ಕಾಫಿ ಗಿಡದ ತಲೆಗಿಂತ ಮೇಲಿರಬೇಕು, ಹಳೆಯ ರೋಬಸ್ಟಾಕ್ಕೆ ಎಂಟರಿಂದ ಹತ್ತು ಅಡಿ. ಸಣ್ಣ ತೋಟಗಳಲ್ಲಿ ಚಿಕ್ಕ ಪೈಪ್ ಹಾಕಿ, ನೀರು ಮೊದಲ ಸಾಲಿನ ಗಿಡಕ್ಕೇ ಬಡಿದು ಬುಡದಲ್ಲಿ ಹರಿದು ಹೋಗುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಹೊರಗಿನಿಂದ ನೋಡಿದರೆ ತೋಟ ಒದ್ದೆ. ಎಂಟನೇ ದಿನ ಹೂ ಬಂದಾಗ ಗೊತ್ತಾಗುತ್ತದೆ, ಜೆಟ್ ಸುತ್ತ ಮಾತ್ರ ಬೆಳ್ಳಗೆ, ನಡುವೆ ಹಸಿರು.

ಸರದಿ ಯಾರಿಂದ ಶುರುವಾಗಬೇಕು? ಚೀಟಿ ಎತ್ತಬೇಡಿ. ಗಿಡ ನೋಡಿ ನಿರ್ಧರಿಸಿ. ದಕ್ಷಿಣಕ್ಕೋ ಪಶ್ಚಿಮಕ್ಕೋ ಮುಖ ಮಾಡಿದ, ಮಣ್ಣು ತೆಳ್ಳಗಿರುವ, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಜಾಸ್ತಿಯಾದ ತೋಟ ಮೊದಲು ಬಳಲುತ್ತದೆ. ಮೊಗ್ಗು ಬಲಿತು ಅಕ್ಕಿಕಾಳಿನಷ್ಟು ಉದ್ದ ಬಂದು ಗಂಟಿನಲ್ಲಿ ನೆಟ್ಟಗೆ ನಿಂತಿರಬೇಕು. ಮಧ್ಯಾಹ್ನ ಎಲೆ ಜೋತು ಬೆಳಿಗ್ಗೆ ಮತ್ತೆ ಎದ್ದಿರಬೇಕು. ಬೆಳಿಗ್ಗೆಯೂ ಏಳದಿದ್ದರೆ ತಡವಾಗಿದೆ ಎಂದೇ ಅರ್ಥ. ಮೊಗ್ಗು ಬಲಿಯುವ ಮುಂಚೆ ನೀರು ಹಾಕಿದರೆ ಹೂ ಮೂರು ನಾಲ್ಕು ಸಲಕ್ಕೆ ಒಡೆಯುತ್ತದೆ, ಮುಂದಿನ ಕೊಯ್ಲೂ ಅಷ್ಟೇ ಸಲ ಆಗುತ್ತದೆ. ಕೊಯ್ಲಿನ ಕೂಲಿ ಎರಡು ಎಕರೆಯವನನ್ನು ಮುಳುಗಿಸಲು ಅದೇ ಸಾಕು. ಜನವರಿ ಕೊನೆಗೆ ನಿಮ್ಮ ರೈಟರ್ (ತೋಟದ ಲೆಕ್ಕ ಬರೆಯುವವರು), ಇಬ್ಬರು ಸಣ್ಣ ಬೆಳೆಗಾರರು ಸೇರಿ 17 ತೋಟವನ್ನೂ ನಡೆದು ನೋಡಿ ಕ್ರಮ ಬರೆಯಲಿ. ನಿಮ್ಮವರೊಬ್ಬರೇ ಬರೆದರೆ ಎಷ್ಟು ನ್ಯಾಯವಾಗಿದ್ದರೂ ಅನುಮಾನ ಉಳಿಯುತ್ತದೆ.

ದುಡ್ಡಿನ ಮಾತು. ಪುಕ್ಕಟೆ ಕೊಡಬೇಡಿ, ಲಾಭಕ್ಕೂ ಕೊಡಬೇಡಿ. ಡೀಸೆಲ್, ಎಂಜಿನ್ ಓಡಿಸುವವನ ಕೂಲಿ, ಸವಕಳಿಗೆಂದು ಗಂಟೆಗೆ ಇಷ್ಟು ಎಂದು ಎಲ್ಲರೂ ಕೂತು ಒಪ್ಪಿದ ಒಂದು ಮೊತ್ತ, ಇಷ್ಟೇ. ಪೈಪ್ ಹೊರುವುದು ನೀರು ಪಡೆಯುವ ಮನೆಯವರ ಕೆಲಸ. ಪುಕ್ಕಟೆಯಾದರೆ ಎಂಜಿನ್ ಕೆಟ್ಟ ದಿನ ರಿಪೇರಿ ಯಾರದು ಎಂಬ ಮಾತು ಬರುತ್ತದೆ, ಮತ್ತು ನಿಮ್ಮ ಮನೆಯ ಮುಂದಿನ ಯಜಮಾನರಿಗೆ ಮನಸ್ಸು ಬದಲಾದರೆ ಏರ್ಪಾಡೇ ಹೋಗುತ್ತದೆ. ನೀರಿನ ಬದಲಿಗೆ ಕಾಫಿ ನಮಗೇ ಮಾರಬೇಕು, ಅಥವಾ ಕೊಯ್ಲಿಗೆ ನಮ್ಮಲ್ಲೇ ಬರಬೇಕು ಎಂಬ ಷರತ್ತು ಮಾತ್ರ ಯಾವತ್ತೂ ಬೇಡ. ಬಾಯಿಮಾತಿನಲ್ಲೂ ಬೇಡ. ನೀರಿಗೆ ಕಟ್ಟಿಬಿದ್ದವನು ಬೆಲೆ ಕೇಳುವ ಹಕ್ಕು ಕಳೆದುಕೊಳ್ಳುತ್ತಾನೆ. ಬರಗಾಲದಲ್ಲಿ ಹೀಗೆ ಸಿಕ್ಕಿಹಾಕಿಕೊಂಡವನಿಗೆ ಆದದ್ದು ಸಹಾಯವಲ್ಲ.

ಕೊಯ್ಲಿನ ಕೂಲಿಯ ವಿಷಯ ಬಂದದ್ದರಿಂದ ಹೇಳುತ್ತೇನೆ. ಆ 17 ಮನೆಗಳಲ್ಲಿ ಕೆಲವರು ನಿಮ್ಮ ತೋಟಕ್ಕೇ ಕೆಲಸಕ್ಕೆ ಬರುತ್ತಿರಬಹುದು. ಅವರ ಹಣ್ಣು ಆಗುವ ವಾರವೇ ನಿಮ್ಮದೂ ಆಗುತ್ತದೆ. ದಿನಗೂಲಿ ಬಿಡಲಾರದೆ ನಿಮ್ಮಲ್ಲಿ ಕೊಯ್ಯುತ್ತಾರೆ, ಅವರ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ, ಅದರಲ್ಲಿ ಕಾಯಿಕೊರಕ ಬೆಳೆದು ನಿಮ್ಮ ತೋಟಕ್ಕೇ ಬರುತ್ತದೆ. ನಿಮ್ಮ ಕೊಯ್ಲಿನ ಗುಂಪನ್ನು ಸರದಿಯಲ್ಲಿ ಒಂದೊಂದು ದಿನ ಅವರ ತೋಟಕ್ಕೆ, ಅದೇ ದರದಲ್ಲಿ ಕಳಿಸುವ ಏರ್ಪಾಡು ಮಾಡಿ. ಒಂದೆಕರೆಯ ಹಣ್ಣು ಇಪ್ಪತ್ತು ಜನಕ್ಕೆ ಹೆಚ್ಚು ಹೊತ್ತಿನ ಕೆಲಸವಲ್ಲ.

ಕೊಯ್ಲಿನ ನಡುವೆ ಮಳೆ ಬಂದಾಗ ಈ ಗುಂಪಿನ ಬೆಲೆ ಇನ್ನೂ ಹೆಚ್ಚು. 2021ರ ಜನವರಿ ಮೊದಲ ವಾರದ ಮಳೆಯನ್ನು ನೆನೆಸಿಕೊಳ್ಳಿ. ಹಣ್ಣು ಗಿಡದಲ್ಲಿರುವಾಗಲೇ ರೋಬಸ್ಟಾ ಹೂವಿಗೆ ಹೊರಟಿತು. ಅಂಥ ಮಳೆ ಬಿದ್ದ ದಿನದಿಂದ ಏಳೆಂಟು ದಿನಕ್ಕೆ ಹೂ ಬಿರಿಯುತ್ತದೆ. ಮೊದಲ ನಾಲ್ಕು ದಿನದಲ್ಲಿ ಆದಷ್ಟು ಹಣ್ಣು ಇಳಿಸಿ, ಐದನೇ ದಿನದಿಂದ ಕೈ ಹಾಕದೆ, ಹೂ ಕಂದಿ ಉದುರಿದ ಮೇಲೆ ಮತ್ತೆ ನಿಧಾನ ಕೊಯ್ಯಬೇಕು. ಆರನೇ ದಿನ ಕೊಯ್ಲಿಗೆ ಇಳಿದವರು ಒಂದೇ ಕೈಯಲ್ಲಿ ಎರಡು ವರ್ಷದ ಬೆಳೆ ಕೀಳುತ್ತಾರೆ. ಆ ಹೂವಿಗೆ ಫೆಬ್ರವರಿಯ ಒಣ ಬಿಸಿಲು ಎದುರಾಗುವುದರಿಂದ ಹೊಂಡದ ನೀರು ಬ್ಯಾಕಿಂಗ್‌ಗೆಂದು ಜನವರಿ ಕೊನೆಗೇ ಬೇಕಾಗುತ್ತದೆ; ನಿಮ್ಮ ಫೆಬ್ರವರಿ ಪಟ್ಟಿಯಲ್ಲಿ ಇದಕ್ಕೆ ಜಾಗವಿರಲಿ.

ಅರೆಬರೆ ಮಳೆಯೂ ಅಷ್ಟೇ ಕೆಟ್ಟದ್ದು. ಫೆಬ್ರವರಿಯಲ್ಲಿ 30, 40 ಸೆಂಟ್ಸ್ (ನೂರು ಸೆಂಟ್ಸ್ ಎಂದರೆ ಒಂದಿಂಚು) ಬಿದ್ದು ನಿಂತರೆ ಮೊಗ್ಗು ಎಚ್ಚರಗೊಳ್ಳುತ್ತದೆ, ಬಿರಿಯಲು ಶಕ್ತಿ ಸಾಲದು. ಆಗ ಸರದಿ ಪಟ್ಟಿಯನ್ನು ಪಕ್ಕಕ್ಕಿಟ್ಟು, ಮಳೆ ಅರೆಬರೆಯಾದ ತೋಟಗಳಿಗೆ ಒಂದೆರಡು ದಿನದೊಳಗೆ ಉಳಿದ ಇಂಚನ್ನು ತುಂಬಿಸಬೇಕು. ಅದಕ್ಕೆ ಯಾರ ತೋಟದಲ್ಲಿ ಎಷ್ಟು ಬಿತ್ತು ಎಂದು ತಿಳಿದಿರಬೇಕು. ಈಗಿನ ಮಳೆ ಗುಡ್ಡದ ಈಚೆ ಒಂದಿಂಚು, ಆಚೆ ಹತ್ತು ಸೆಂಟ್ಸ್ ಬೀಳುತ್ತದೆ. ನಿಮ್ಮ ಬಂಗಲೆಯ ಅಂಗಳದ ಮಳೆಮಾಪಕ ಅರ್ಧ ಕಿಲೋಮೀಟರ್ ಆಚೆಯ ಕೊಲ್ಲಿಗೆ ಸಾಕ್ಷಿ ಹೇಳಲಾರದು. ನಾಲ್ಕೈದು ಮಳೆಮಾಪಕ ಕೊಂಡು ನಾಲ್ಕು ದಿಕ್ಕಿನ ಮನೆಗಳಿಗೆ ಕೊಡಿ. ಮರ, ಮಾಡಿನಿಂದ ದೂರ, ಬಯಲಿನಲ್ಲಿ ಇಡಬೇಕು. ದಿನಾ ಬೆಳಿಗ್ಗೆ 8.30ಕ್ಕೆ ಅಳೆದು ವಾಟ್ಸ್‌ಆಪ್ ಗುಂಪಿಗೆ ಹಾಕಲಿ, ಸೊನ್ನೆ ಇದ್ದರೆ ಸೊನ್ನೆ ಎಂದೇ ಹಾಕಲಿ. ಇಷ್ಟು ಅಗ್ಗದ ಕೆಲಸ ಇನ್ನೊಂದಿಲ್ಲ. ನಿಮ್ಮ ತೋಟದ ಹಳೆಯ ಮಳೆ ಪುಸ್ತಕ ಉಳಿದಿದ್ದರೆ ಅದರ ನಕಲನ್ನೂ ಎಲ್ಲರಿಗೂ ಕೊಡಿ. ಹೂಮಳೆ ಯಾವ ದಶಕದಲ್ಲಿ ಯಾವ ವಾರ ಬರುತ್ತಿತ್ತು ಎಂದು ಕಣ್ಣಾರೆ ಕಂಡರೆ ಹೊಂಡಕ್ಕೆ ಏಕೆ ದುಡ್ಡು ಹಾಕಬೇಕೆಂದು ಯಾರೂ ಕೇಳುವುದಿಲ್ಲ.

ಕಣದ ವಿಷಯಕ್ಕೆ ಬರುತ್ತೇನೆ. ಒಂದು ಟನ್ ಹಸಿ ರೋಬಸ್ಟಾ ಹಣ್ಣನ್ನು 7 ಸೆಂಟಿಮೀಟರ್ ದಪ್ಪಕ್ಕೆ ಹರವಲು ಸುಮಾರು 250 ಚದರಡಿ ಬೇಕು. ಚೆರಿ, ಅಂದರೆ ಸಿಪ್ಪೆ ಸಹಿತ ಒಣಗಿಸುವ ಕಾಫಿ, ಒಣಗಲು ಒಳ್ಳೆಯ ಬಿಸಿಲಿನಲ್ಲಿ 12ರಿಂದ 15 ದಿನ. ನೆರೆಯವರ ಹಣ್ಣೆಲ್ಲ ನಿಮ್ಮ ಕಣಕ್ಕೆ ಬರಬೇಕಿಲ್ಲ, ಅವರಿಗೂ ಸೆಗಣಿ ಸಾರಿಸಿದ ಅಂಗಳಗಳಿವೆ. ಮಳೆ ಬಂದಾಗ ಆ ಮಣ್ಣಿನ ಕಣ ತಳದಿಂದಲೇ ತೇವ ಎಳೆಯುತ್ತದೆ, ಮೇಲೆ ಟಾರ್ಪಾಲ್ ಹೊದಿಸಿದರೂ ಅಡಿಯ ಕಾಫಿ ಬೂಷ್ಟು ಹಿಡಿಯುತ್ತದೆ. ಅಂಥ ದಿನಕ್ಕೆಂದು ನಿಮ್ಮ ಸಿಮೆಂಟ್ ಕಣದಲ್ಲಿ 2,000 ಚದರಡಿ ಬಿಳಿ ಬಣ್ಣದ ಗೆರೆ ಎಳೆದು ಬಿಟ್ಟಿಡಿ. ಎಂಟು ಟನ್ ಹಸಿ ಹಣ್ಣು ಹಿಡಿಯುತ್ತದೆ. ನಿಮ್ಮ ಹಣ್ಣು ಜಾಸ್ತಿಯಾದ ದಿನ ಮೇಸ್ತ್ರಿ ಆ ಗೆರೆ ದಾಟಿ ಹರವುತ್ತಾರೆ, ಅದನ್ನು ನೀವೇ ನಿಂತು ತಡೆಯಬೇಕು. ಮಾಡಿನ ಹಾಗೆ ಕಬ್ಬಿಣದ ಪೈಪ್ ಬಗ್ಗಿಸಿ ಪಾಲಿಥೀನ್ ಹೊದಿಸಿದ 20ಕ್ಕೆ 60 ಅಡಿಯ ಒಣಗಿಸುವ ಮನೆ ಒಂದಿದ್ದರೆ ಇನ್ನೂ ಒಳ್ಳೆಯದು. ಅದರ ಎರಡು ತುದಿ ತೆರೆದೇ ಇರಬೇಕು. ಮಳೆ ಬಂತೆಂದು ಪೂರ್ತಿ ಮುಚ್ಚಿದರೆ ಹಬೆ ಹಾಳೆಗೆ ತಾಗಿ ಹನಿಯಾಗಿ ಮತ್ತೆ ಕಾಫಿಯ ಮೇಲೇ ಬೀಳುತ್ತದೆ. ಒಳಗೆ 4 ಸೆಂಟಿಮೀಟರಿಗಿಂತ ದಪ್ಪ ಬೇಡ, ಗಂಟೆಗೊಮ್ಮೆ ಕೈಯಾಡಿಸಬೇಕು.

ಒಬ್ಬರ ಕಾಫಿ ಇನ್ನೊಬ್ಬರದರ ಜೊತೆ ಬೆರೆಯಬಾರದು. ಬರುವಾಗ ತೂಕ, ಹೆಸರು, ದಿನಾಂಕ ಬರೆದ ಚೀಟಿ, ನಡುವೆ ಹಲಗೆ. ಒಣಗಿದ್ದು ಗೊತ್ತಾಗಲು ಒಂದೇ ಡಬ್ಬವನ್ನು ದಿನಾ ತುಂಬಿ ತೂಗಿ. ಎರಡು ದಿನ ತೂಕ ಇಳಿಯದಿದ್ದರೆ ಆಯಿತು. ತೇವಮಾಪಕವಿದ್ದರೆ ರೋಬಸ್ಟಾ ಚೆರಿಗೆ ಶೇಕಡಾ 11 ತೇವ, ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಪಾರ್ಚ್‌ಮೆಂಟ್‌ಗೆ 10. ಸಣ್ಣ ಬೆಳೆಗಾರರು ದುಡ್ಡಿನ ಅವಸರಕ್ಕೆ 13, 14ಕ್ಕೇ ಚೀಲ ಕಟ್ಟುತ್ತಾರೆ, ವ್ಯಾಪಾರಿ ಅದಕ್ಕೆ ಬೆಲೆ ಮುರಿಯುತ್ತಾನೆ. ನಿಮ್ಮ ತೇವಮಾಪಕ ವಾರಕ್ಕೆರಡು ದಿನ ಎಲ್ಲರಿಗೂ ಸಿಕ್ಕಿದರೆ ಆ ಮುರಿತ ನಿಲ್ಲುತ್ತದೆ. ಡ್ರೈಯರ್ ಹಂಚಿಕೊಳ್ಳುವುದು ಕಷ್ಟ, ಏಕೆಂದರೆ ಒಬ್ಬರ ಕಾಫಿಯಿಂದ ಅದು ತುಂಬುವುದಿಲ್ಲ. ತುಂಬಿಸಲೇಬೇಕಾದರೆ ಒಂದೇ ದಿನ ಕೊಯ್ದ, ನೀರಿನಲ್ಲಿ ತೇಲುಕಾಯಿ ತೆಗೆದ, ನಾಲ್ಕೈದು ದಿನ ಬಿಸಿಲು ಕಂಡ ಚೆರಿಯನ್ನು ಮಾತ್ರ ಒಟ್ಟು ಸೇರಿಸಿ, ತೂಕದ ಪಾಲಿನಂತೆ ಹಂಚಿ. ಅರೇಬಿಕಾದ ಆರು ಎಕರೆಗೆ ನಿಮ್ಮ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ತೆರೆದರೆ ಬಹಳ ಉಪಕಾರ: 100 ಕೆ.ಜಿ. ಹಣ್ಣಿಗೆ ಸುಮಾರು 20 ಕೆ.ಜಿ. ಒಣ ಪಾರ್ಚ್‌ಮೆಂಟ್ ಎಂಬ ಲೆಕ್ಕವನ್ನು ಗೋಡೆಯ ಮೇಲೆ ಬರೆಸಿಬಿಡಿ, ತೂಕದ ಅನುಮಾನಕ್ಕೆ ಎಡೆಯಿರುವುದಿಲ್ಲ.

ಮಳೆಗಾಲದ ಮಾತು ನಿಮ್ಮ ತೋಟದಿಂದಲೇ ಶುರುವಾಗಬೇಕು. ದೊಡ್ಡ ತೋಟದ ರಸ್ತೆ, ಬಸಿಗಾಲುವೆಗಳ ನೀರು ಹೋಗಿ ಬೀಳುವುದು ಸಾಮಾನ್ಯವಾಗಿ ತಗ್ಗಿನ ಸಣ್ಣ ತೋಟಕ್ಕೆ. ಒಂದು ದಿನಕ್ಕೆ ಏಳೆಂಟು ಇಂಚು ಸುರಿದಾಗ ಆ ಒಂದು ಬಾಯಿಯಿಂದ ಬಂದ ನೀರು ಅವನ ಮೇಲ್ಮಣ್ಣು ಒಯ್ಯುತ್ತದೆ, ಉಳಿದ ಕಡೆ ನಿಂತು ಕಾಫಿಯ ಕಾಯಿ ಉದುರಿಸುತ್ತದೆ, ಮೆಣಸಿನ ಬಳ್ಳಿಗೆ ಸೊರಗು ರೋಗ ತರುತ್ತದೆ. ಮೇ ತಿಂಗಳಲ್ಲಿ ಬೇಲಿಯ ಉದ್ದಕ್ಕೂ ನಡೆದು ನಿಮ್ಮ ನೀರು ಎಲ್ಲೆಲ್ಲಿ ಆಚೆ ಬೀಳುತ್ತದೆ ಎಂದು ಗುರುತು ಮಾಡಿ. ನೇರ ಇಳಿಯುವ ಕಾಲುವೆಯನ್ನು ಅಡ್ಡಕ್ಕೆ ತಿರುಗಿಸಿ, ಗಿಡಸಾಲಿನ ನಡುವೆ ತೊಟ್ಟಿಲು ಗುಂಡಿ (ಹರಿವ ನೀರು, ಮಣ್ಣು ತಡೆಯುವ ಉದ್ದನೆಯ ಗುಂಡಿ) ತೆಗೆಸಿ, ಕೊನೆಗೆ ಹಳ್ಳಕ್ಕೆ ಸೇರಿಸಿ. ಇದನ್ನು ಮಾಡದೆ ಫೆಬ್ರವರಿಯಲ್ಲಿ ನೀರು ಕೊಟ್ಟರೆ ಜೂನ್‌ನಲ್ಲಿ ಕಿತ್ತುಕೊಂಡಂತಾಗುತ್ತದೆ.

ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಈಗ ಮಳೆ ನಡುವೆ ಸಿಗುವ ಬಿಡುವು ನಾಲ್ಕೈದೇ ದಿನ. ಪವರ್ ಸ್ಪ್ರೇಯರ್ ಮತ್ತು ಇಬ್ಬರು ಆಳನ್ನು ಆ ಬಿಡುವಿನಲ್ಲಿ ಎರಡು ದಿನ ನೆರೆಯವರಿಗೆ ಬಿಟ್ಟುಕೊಡಿ. ದ್ರಾವಣ ನಿಮ್ಮಲ್ಲೇ ತಯಾರಾದರೆ ಒಳ್ಳೆಯದು, ತಪ್ಪಾಗುವುದು ಅಲ್ಲೇ: ಒಂದು ಕೆ.ಜಿ. ಮೈಲುತುತ್ತ 50 ಲೀಟರ್ ನೀರಿನಲ್ಲಿ, ಒಂದು ಕೆ.ಜಿ. ಸುಣ್ಣ ಬೇರೆ 50 ಲೀಟರ್‌ನಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ; ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಉಜ್ಜಿದ ಕಬ್ಬಿಣದ ಚಾಕು ಅದ್ದಿ ತೆಗೆದಾಗ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು, ಎಲೆ ಸುಡುತ್ತದೆ. ಅದೇ ದಿನ ಹೊಡೆದು ಮುಗಿಸಬೇಕು.

ನೆರಳಿನ ಬಗ್ಗೆ ಚಿಕ್ಕದಾಗಿ: ಬಿಸಿಲು ಹೆಚ್ಚಾದಂತೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಹೆಚ್ಚುತ್ತದೆ, ನೆರಳಿಲ್ಲದ ಗಿಡವನ್ನೇ ಅದು ಹುಡುಕುತ್ತದೆ. ಮರಗಸಿಯಲ್ಲಿ ನೀವು ಕಡಿದು ಹಾಕುವ ಹಾಲುವಾಣದ ಆರಡಿ ಗೂಟಗಳು ನೆರೆಯವರಿಗೆ ನೆರಳು. ಜೂನ್ ಮೊದಲ ಮಳೆಗೆ ಕೊಟ್ಟರೆ ನೆಟ್ಟುಕೊಳ್ಳುತ್ತಾರೆ. ಕೊರಕ ಹಿಡಿದ ಗಿಡವನ್ನು ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಗುರುತಿಸಿ ಕಿತ್ತು ಸುಡುವಾಗ ಬೇಲಿಯ ಎರಡೂ ಕಡೆ ಒಂದೇ ವಾರ ಆಗಬೇಕು, ದುಂಬಿಗೆ ಬೇಲಿ ಕಾಣುವುದಿಲ್ಲ.

ನವೆಂಬರ್‌ನ ಆ ಕಾಗದದಲ್ಲಿ ಇಷ್ಟಿದ್ದರೆ ಸಾಕು, ಒಂದು ಪುಟ ದಾಟಬಾರದು: ಹೊಂಡದಲ್ಲಿ ನೆರೆಯವರ ಪಾಲು ಎಷ್ಟು ಲೀಟರ್, ಎಷ್ಟು ಎಕರೆಗೆ, ಸರದಿಯ ಹೆಸರುಗಳು, ಗಂಟೆಯ ದರ, ಎಂಜಿನ್ ಕೆಟ್ಟರೆ ಯಾರಿಗೆ ಫೋನ್, ಕಣದಲ್ಲಿ ಎಷ್ಟು ಚದರಡಿ ಎಷ್ಟು ದಿನ, ನಡುವೆ ಮಳೆ ಬಂದರೆ ಪಟ್ಟಿ ಬದಲಿಸುವ ಮೂವರು ಯಾರು. ಎಲ್ಲರ ಸಹಿ ಹಾಕಿಸಿ ಒಂದೊಂದು ಪ್ರತಿ ಕೊಡಿ, ಒಂದನ್ನು ಎಂಜಿನ್ ಮನೆಯ ಬಾಗಿಲಿಗೆ ಅಂಟಿಸಿ. ಮೊದಲ ವರ್ಷ ಆರು ಎಕರೆಯಲ್ಲಿ ಯಾರ ಹೆಸರು ಬರಲಿಲ್ಲವೋ ಅವರ ಹೆಸರು ಮುಂದಿನ ವರ್ಷದ ಪಟ್ಟಿಯಲ್ಲಿ ಮೊದಲು ಎಂದು ಅದೇ ಕಾಗದದ ಕೆಳಗೆ ಈಗಲೇ ಬರೆದಿರಲಿ.